ಹೂಂ ಅಂದ ಊರು

ಡೈರಿ ಬಾಗಿಲು ತೆಗೆಯೋಕೆ ಇನ್ನೂ ಹೊತ್ತಿದೆ. ಹಾಲಿನ ಕ್ಯಾನು ಕೆಳಗಿಡ್ರಪ್ಪಾ. ಬನ್ರವ್ವಾ, ಜಗಲಿ ಮೇಲೆ ಜಾಗ ಇದೆ, ಕೂತ್ಕೊಳ್ಳಿ. ನಾಳೆ ಗ್ರಾಮಸಭೆಯಂತೆ. ಸಾಹೇಬ್ರು ಬರ್ತಾರಂತೆ, ಸರ್ಕಾರದ ಹೊಸ ಯೋಜನೆ ಏನು ಎತ್ತ ಅಂತ ಬಿಡಿಸಿ ಹೇಳ್ತಾರಂತೆ. ಹೇಳ್ಲಿ, ಒಳ್ಳೇದೇ. ಅದಕ್ಕೆ ಮುಂಚೆ ನಂದೊಂದು ಕಥೆ ಕೇಳ್ಬಿಡಿ.

ನನ್ನ ಷರತ್ತು ಗೊತ್ತಲ್ಲ? ನಾನು ಹೇಳ್ತಿದ್ರೆ ನೀವು ಹೂಂ ಅಂತಿರ್ಬೇಕು. ಹೂಂ ಇಲ್ಲದ ಕಥೆ ದಾರಿ ತಪ್ಪಿ ಯಾರದೋ ಹೊಲಕ್ಕೆ ನುಗ್ಗುತ್ತೆ. ಅದನ್ನ ಹಿಡ್ಕೊಂಡು ಬರೋಕೆ ನನ್ನ ಮಂಡೀಲಿ ಶಕ್ತಿ ಇಲ್ಲ. ಏನಂತೀರಿ? ಹಾಂ, ಹಂಗೆ.

ಎಲ್ಲೋ ಒಂದು ನಾಡಿತ್ತು. ಹೆಸರು ಕೇಳ್ಬೇಡಿ. ಹೆಸರು ಹೇಳಿದ್ರೆ ನಮ್ಮದೇ ಅಂತ ಜಗಳಕ್ಕೆ ಬರೋರಿದ್ದಾರೆ. ಆ ನಾಡಿಗೆ ರಾಜ ಇರ್ಲಿಲ್ಲ. ರಾಣಿ ಇರ್ಲಿಲ್ಲ. ಪಟ್ಟದಾನೆ ಇರ್ಲಿಲ್ಲ. ಮತ್ತೆ ಆಳೋರು ಯಾರು ಅಂತೀರಾ? ಸಭೆ ಆಳ್ತಿತ್ತು ಕಣ್ರಪ್ಪಾ, ಸಭೆ. ಸೀಮೆಗೊಬ್ಬರ ಹಾಗೆ ಆರಿಸಿ ಕಳಿಸ್ತಿದ್ರು. ಅವರೆಲ್ಲ ಒಂದು ಕಡೆ ಕೂತು, ಬೈದಾಡಿ, ಮೇಜು ಕುಟ್ಟಿ, ಕೊನೆಗೊಂದು ಮಾತಿಗೆ ಬರ್ತಿದ್ರು. ಬಂದ ಮಾತೇ ಕಾನೂನು.

ಆ ಸಭೆಯ ಮಂಟಪ ಹೆಂಗಿತ್ತು ಅಂತ ಹೇಳ್ಲಿ? ನಮ್ಮಜ್ಜಿ ಹೇಳೋವಾಗ ಅವಳ ದನೀನೇ ತಗ್ಗೋಗೋದು. ಚಾವಣಿ ಎಷ್ಟು ಎತ್ತರ ಅಂದ್ರೆ, ಹಾರಿದ ಪಾರಿವಾಳ ಅರ್ಧದಲ್ಲಿ ಕಂಬದ ಮೇಲೆ ಕೂತು ಸುಧಾರಿಸ್ಕೊಂಡು ಮತ್ತೆ ಹಾರ್ಬೇಕಿತ್ತು. ಮಂಟಪ ಕಟ್ಟೋವಾಗ ನಾಡಿನ ಪ್ರತಿಯೊಂದು ಊರಿಂದ ಒಂದೊಂದು ಕಲ್ಲು ತರಿಸಿದ್ರಂತೆ. ಕರಿ ಕಲ್ಲು, ಬಿಳಿ ಕಲ್ಲು, ಕೆಂಪು ಕಲ್ಲು. ಒಂದು ಊರಿನ ಕಲ್ಲು ತೆಗೆದ್ರೂ ಮೇಲಿಂದು ನಿಲ್ತಿರ್ಲಿಲ್ಲ, ಹಂಗೆ ಜೋಡಿಸಿದ್ರು. ಇನ್ನೊಂದು ವಿಚಿತ್ರ ಕೇಳಿ. ಈ ಮೂಲೇಲಿ ಪಿಸುಗುಟ್ಟಿದ್ರೆ ಆ ಮೂಲೇಲಿ ಕೇಳ್ತಿತ್ತು. ಯಾರ ಮಾತೂ ಅಲ್ಲಿ ಕಳೆದು ಹೋಗ್ತಿರ್ಲಿಲ್ಲ. ಮನುಷ್ಯರೇ ಕಟ್ಟಿದ್ದಪ್ಪಾ ಅದನ್ನ. ನನಗೆ ಇವತ್ತಿಗೂ ನಂಬೋಕಾಗಲ್ಲ.

ಮಾತಿಗೆ ಅಷ್ಟು ಬೆಲೆ ಇದ್ದ ಮೇಲೆ ಕಟ್ಟಲೆನೂ ಇರ್ಬೇಕಲ್ಲ? ಮೂರು ಕಟ್ಟಲೆ ಇತ್ತು. ಮಸೂದೆ, ಅಂದ್ರೆ ಇನ್ನೂ ಕಾನೂನಾಗದೆ ಇರೋ ಕಾನೂನು, ಅದನ್ನ ಮೂರು ಸಲ ಓದ್ಬೇಕು. ಒಂದನೇ ಓದಿಗೆ ಅದರ ಹೆಸರು. ಎರಡನೇ ಓದಿಗೆ ಅದರ ಒಳಗಿನ ಒಂದೊಂದು ಮಾತು. ಮೂರನೇ ಓದಿಗೆ ಹೌದೋ ಅಲ್ವೋ ಅಂತ ತೀರ್ಮಾನ. ಇದು ಮೊದಲನೇ ಕಟ್ಟಲೆ. ಮೊದಲ ಎರಡು ಓದಲ್ಲಿ ಒಂದೊಂದು ಆದ್ಮೇಲೂ ಜನರ ಹತ್ರ ಹೋಗಿ ಬಿಡಿಸಿ ಹೇಳ್ಬೇಕು, ಮೂರನೇ ಓದಿಗೆ ಜನಾನೇ ಬಂದು ಮೇಲಿನ ಅಟ್ಟದಲ್ಲಿ ಕೂತು ಕೇಳ್ಬಹುದು. ಇದು ಎರಡನೇದು. ಮೂರನೇದೇ ಬಿಗಿ. ಮಂಟಪದೊಳಗೆ ಸದಸ್ಯರು ಬಿಟ್ಟು ಬೇರೆಯೋರು ತುಟಿ ಬಿಚ್ಚಂಗಿಲ್ಲ. ಕೇಳಿದ್ರೆ ಉತ್ತರ ಹೇಳ್ಬಹುದು, ಅಷ್ಟೇ.

ಹೂಂ ಅನ್ರಪ್ಪಾ, ನಿದ್ದೆ ಬಂತಾ? ಹಾಂ.

ಜನಕ್ಕೆ ಬಿಡಿಸಿ ಹೇಳೋ ಕೆಲಸ ಮರುಳಯ್ಯಂದು. ಸಭೆಯ ಸಾರುವವನು ಅವನು. ಹೆಗಲಿಗೆ ತಮಟೆ, ಬಾಯಲ್ಲಿ ಮಾತು. ಅವನ ಮಾತು ಕೇಳ್ಬೇಕಿತ್ತು ನೀವು. ಸಭೆಯ ಮಾತು ಹೆಂಗಿರ್ತಿತ್ತು ಗೊತ್ತಾ? 'ಸದರಿ ತಗ್ಗು ಪ್ರದೇಶದಲ್ಲಿ ಜಲಸಂಗ್ರಹಣಾ ಕಾಮಗಾರಿಯನ್ನು ಕೈಗೊಳ್ಳುವ ಸಂಬಂಧ ಅಲ್ಲಿನ ನಿವಾಸಿಗಳನ್ನು ಸೂಕ್ತ ಸ್ಥಳಕ್ಕೆ ಸ್ಥಳಾಂತರಿಸತಕ್ಕದ್ದು.' ಏನು ತಿಳೀತು? ನನಗೂ ತಿಳೀಲಿಲ್ಲ. ಹೇಳೋವಾಗ ನನ್ನ ಹಲ್ಲೇ ಉದುರೋಹಂಗಾಯ್ತು. ಇಂಥಾ ಮಾತನ್ನ ಮರುಳಯ್ಯ ದಾರೀಲಿ ನಡೀತಾ ನಡೀತಾ ಕಥೆ ಮಾಡ್ಬಿಡೋನು. ಊರು ಮುಟ್ಟೋ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿರೋದು. ಅವನು ಕಥೆ ಹೇಳೋನು, ಜನ ಹೂಂ ಅನ್ನೋರು. ವಾಪಸ್ ಹೋದಾಗ ಸಭೆ ಕೇಳೋದು, 'ಜನ ಏನಂದರು?' ಇವನು ಹೇಳೋನು, 'ಹೂಂ ಅಂದರು ಸ್ವಾಮಿ.' ಎಷ್ಟೋ ಕಾಲದಿಂದ ಹಿಂಗೇ ನಡ್ಕೊಂಡು ಬಂದಿತ್ತು.

ಆ ವರ್ಷ ನೀರಿನ ಮಂತ್ರಿ ಶಂಭುಲಿಂಗಯ್ಯ ಎದ್ದು ನಿಂತ್ರು. ಕೆಟ್ಟವರಲ್ಲ ಅವರು, ಈಗಲೇ ಹೇಳ್ಬಿಡ್ತೀನಿ. ಕೆಳಗಿನ ಸೀಮೇಲಿ ಬಾವಿ ನೀರೆಲ್ಲ ಉಪ್ಪಾಗಿತ್ತು. ಮಕ್ಕಳು ಉಪ್ಪು ನೀರು ಕುಡ್ಕೊಂಡು ಬೆಳೀತಿದ್ವು. ಹೊಳೆಗೆ ಅಡ್ಡ ಕಟ್ಟೆ ಹಾಕಿ ಸಿಹಿನೀರು ನಿಲ್ಲಿಸ್ಬೇಕು ಅಂತ ಮಸೂದೆ ತಂದ್ರು. ನೀರು ನಿಲ್ಲೋದೆಲ್ಲಿ? ತಗ್ಗಲ್ಲಿ. ತಗ್ಗಲ್ಲಿ ಏನಿತ್ತು? ತೊರೆಮಡು ಅಂತ ಒಂದು ಊರಿತ್ತು.

ತೊರೆಮಡು ಮರುಳಯ್ಯನ ಊರು. ತಾಯಿ ಇಲ್ಲದ ಅವನನ್ನ ಅಲ್ಲೇ ಅವನ ಅಕ್ಕ ಹೊಂಬಾಳಮ್ಮ ಸೊಂಟದ ಮೇಲೆ ಹೊತ್ಕೊಂಡು ಸಾಕಿದ್ಳು. ಕಥೆ ಹೇಳೋದು ಕಲಿಸಿದ್ದೂ ಅವಳೇ. ತಾಯಿ ಮಾಡಿದ ಒಲೆ, ಹಿತ್ತಲ ನುಗ್ಗೆ ಮರ, ಜಗಲಿ ಮೇಲಿನ ಒರಳು, ಇಷ್ಟೇ ಅವಳ ಆಸ್ತಿ. ಮಸೂದೆ ಆದ್ರೆ ಅದರ ಮೇಲೆ ಮೀನು ಓಡಾಡ್ತವೆ.

ಒಂದನೇ ಓದಾಯ್ತು. ಮರುಳಯ್ಯ ತೊರೆಮಡುವಿಗೆ ಬಂದ, ತಮಟೆ ಬಡಿದ. ಜನ ಎಲ್ಲ ಕೆಲಸ ಬಿಟ್ಟು ಓಡಿ ಬಂದ್ರು. ನಮ್ಮ ಮರುಳ ಬಂದ, ಹೊಸ ಕಥೆ ತಂದ ಅಂತ. ಹೊಂಬಾಳಮ್ಮ ಮುಂದೇನೇ ಕೂತ್ಳು.

'ಒಂದು ಹೊಳೆ ಇತ್ತು,' ಅಂದ.

'ಹೂಂ.'

'ಹುಟ್ಟಿದಾಗಿಂದ ನಡೀತಾನೇ ಇತ್ತು. ನಡೆದು ನಡೆದು ಸುಸ್ತಾಯ್ತು.'

'ಹೂಂ.'

'ಎಲ್ಲಾದ್ರೂ ಕೂತ್ಕೋಬೇಕು ಅಂತ ಆಸೆ ಆಯ್ತು. ಸಭೆಯೋರು ಅದಕ್ಕೊಂದು ಮಣೆ ಹುಡುಕಿದ್ರು.'

'ಹೂಂ, ಹೂಂ.' ಎಲ್ಲಕ್ಕಿಂತ ಜೋರಾಗಿ ಹೂಂ ಅಂದವಳು ಹೊಂಬಾಳಮ್ಮ. ತಮ್ಮನ ಮಾತು ಕೇಳ್ತಾ ಅವಳ ಕಣ್ಣಲ್ಲಿ ನೀರು ಬಂತು. ಎಂಥಾ ಚೆಂದ ಹೇಳ್ತಾನೆ ನಮ್ಮ ಹುಡುಗ ಅಂತ.

ಮರುಳಯ್ಯ ವಾಪಸ್ ಹೋದ. 'ಜನ ಏನಂದರು?' 'ಹೂಂ ಅಂದರು ಸ್ವಾಮಿ.' ಸದಸ್ಯರು ಮೇಜು ಕುಟ್ಟಿದ್ರು.

ಎರಡನೇ ಓದಾಯ್ತು. ಮರುಳಯ್ಯ ಮತ್ತೆ ಬಂದ, ತಮಟೆ ಬಡಿದ, ಜನ ಮತ್ತೆ ಓಡಿ ಬಂದ್ರು. ಈ ಸಲ ಒಳಗಿನ ಮಾತೆಲ್ಲ ಹೇಳ್ಬೇಕಲ್ಲ? ಹೇಳ್ದ. ಏನೂ ಮುಚ್ಚಿಡಲಿಲ್ಲ ಅವನು, ಅದನ್ನೂ ಹೇಳ್ಬೇಕು ನಾನು. 'ಆ ಮಣೆ ಯಾವ್ದು ಗೊತ್ತಾ? ನಿಮ್ಮ ತೊರೆಮಡು,' ಅಂದ. ಹೂಂ ಅಂದ್ರು. 'ಹೊಳೆ ಬಂದು ಕೂತ್ಕೊಂಡ್ರೆ ಮೊದ್ಲಿಂದ ಕೂತಿದ್ದೋರು ಏಳ್ಬೇಕು,' ಅಂದ. ಹೂಂ ಅಂದ್ರು. 'ಎದ್ದೋರಿಗೆ ಗುಡ್ಡದ ಆಚೆ ಜಾಗ ಕೊಡ್ತಾರೆ,' ಅಂದ. ಹೂಂ ಅಂದ್ರು. ಕಥೇಲಿ ಬೆಟ್ಟ ನಡೀತದೆ, ಹಾವು ಮಾತಾಡ್ತದೆ, ರಾಜಕುಮಾರಿ ನಿಂಬೆಹಣ್ಣಿನಿಂದ ಹುಟ್ತಾಳೆ. ಎಲ್ಲಕ್ಕೂ ಹೂಂ ಅಂತೀವಲ್ಲ ನಾವು? ಹಂಗೇ ಅಂದ್ರು.

ಮರುಳಯ್ಯ ವಾಪಸ್ ಹೋದ. ಎದುರು ಸಾಲಿನಲ್ಲಿ ಕೂತಿದ್ದ ಒಬ್ಬ ಸದಸ್ಯ ಎದ್ದು ಕೇಳ್ದ, 'ಆ ಊರಿನ ಜನ ಮನೆ ಬಿಡೋಕೆ ಒಪ್ಪಿದ್ದಾರೇನ್ರಿ ಮಂತ್ರಿಗಳೇ?'

ಶಂಭುಲಿಂಗಯ್ಯ ಮರುಳಯ್ಯನ ಕಡೆ ತಿರುಗಿದ್ರು. 'ಹೇಳಪ್ಪಾ, ಜನ ಏನಂದರು?'

'ಹೂಂ ಅಂದರು ಸ್ವಾಮಿ.'

'ಕೇಳಿದಿರಾ? ಜನರ ಒಪ್ಪಿಗೆ ಇದೆ,' ಅಂದ್ರು ಮಂತ್ರಿಗಳು.

ಮರುಳಯ್ಯ ಒಂದು ಹೆಜ್ಜೆ ಮುಂದೆ ಬಂದ. ಒಪ್ಪಿಗೆಯಾ? ಇಷ್ಟು ಕಾಲ ಅವನು ಹೂಂ ತಂದು ಕೊಟ್ಟಿದ್ದ. ಇವರು ಅದನ್ನ ಒಪ್ಪಿಗೆ ಅಂತ ತಗೊಂಡಿದ್ರು. 'ಸ್ವಾಮಿ, ಅದು ಹಂಗಲ್ಲ...' ಅಂತ ಬಾಯಿ ತೆಗೆದ. ಮೇಲಿನ ಪೀಠದಲ್ಲಿ ಕೂತಿದ್ದ ಸಭಾಪತಿಯಮ್ಮ ಕೈ ಎತ್ತಿದ್ರು. ವಯಸ್ಸಾದ ಹೆಂಗಸು, ತಲೆಯೆಲ್ಲ ಬೆಳ್ಳಗೆ. ಅವರು ಕೈ ಎತ್ತಿದ್ರೆ ಅಷ್ಟು ದೊಡ್ಡ ಮಂಟಪ ತಣ್ಣಗಾಗೋದು.

'ಕೇಳಿದ್ದಕ್ಕೆ ಉತ್ತರ ಹೇಳಿದ್ದೀಯ ಮರುಳಯ್ಯ. ಕೇಳದೇ ಇದ್ದದ್ದನ್ನು ಹೇಳುವ ಹಾಗಿಲ್ಲ,' ಅಂದ್ರು.

ಕಟ್ಟಲೆ ಅಂದ್ರೆ ಕಟ್ಟಲೆ. ಏನ್ ಮಾಡ್ತಾನೆ ಪಾಪ? ತಮಟೆ ಹೆಗಲಿಗೆ ಹಾಕ್ಕೊಂಡು ಸೀದಾ ಅಕ್ಕನ ಮನೆಗೆ ಬಂದ. ಅವಳು ನುಗ್ಗೆಸೊಪ್ಪು ಬಿಡಿಸ್ತಾ ಕೂತಿದ್ಳು.

'ಅಕ್ಕಾ, ನಮ್ಮ ಮನೆ ಹೋಯ್ತು.'

'ಎಲ್ಲಿಗೆ ಹೋಯ್ತೋ? ಇಲ್ಲೇ ಕೂತಿದ್ದೀನಲ್ಲ.'

'ನೀವೆಲ್ಲ ಹೂಂ ಅಂದ್ರಲ್ಲ ಅಕ್ಕಾ. ಸಭೆಯೋರು ಒಪ್ಪಿದ್ದೀರಿ ಅಂತ ತಿಳ್ಕೊಂಡ್ರು. ಮೂರನೇ ಓದು ಆದ್ರೆ ಕಟ್ಟೆ ಕೆಲಸ ಶುರು.'

ಹೊಂಬಾಳಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಳು.

'ಅಂದ್ರೆ ಆ ಕಥೆ ನಿಜವೇನೋ?'

'ನಿಜ ಅಕ್ಕಾ.'

'ನೀನು ಕಥೆ ಹೇಳ್ದೆ, ನಾನು ಹೂಂ ಅಂದೆ. ಹೂಂ ಅಂದ್ರೆ ಕೇಳಿಸ್ತು, ಮುಂದೆ ಹೇಳು ಅಂತ. ಮನೆ ಕೊಡ್ತೀನಿ ಅಂತ ಅಂದೆನಾ?' ಒಲೆ ಕಡೆ ಕೈ ತೋರಿಸಿದ್ಳು. 'ಆ ಒಲೆ ನಮ್ಮವ್ವ ಕೈಯಾರೆ ಮಾಡಿದ್ದು ಕಣೋ. ಇನ್ನೂ ಅವಳ ಬೆರಳಿನ ಗುರುತಿದೆ ಅದರ ಮೇಲೆ.'

ಮರುಳಯ್ಯ ತಲೆ ಬಗ್ಗಿಸಿ ಅತ್ತ. ಅಳೋದಕ್ಕೆ ಅವನಿಗೆ ನಾಚಿಕೆ ಆಗ್ಲಿಲ್ಲ. ಅಕ್ಕನ ಮುಂದೆ ಅತ್ತರೆ ಏನು ನಾಚಿಕೆ?

ಹೊಂಬಾಳಮ್ಮ ಮೂಗು ಒರೆಸ್ಕೊಂಡ್ಳು. ಒರೆಸ್ಕೊಂಡು ಕೇಳಿದ್ಳು, 'ಮೂರನೇ ಓದಿಗೆ ನಾವು ಬರ್ಬಹುದಾ?'

'ಬರ್ಬಹುದು. ಅಟ್ಟದ ಮೇಲೆ ಕೂತ್ಕೋಬಹುದು. ನಾನು ಕೆಳಗೆ ನಿಂತು ಮಸೂದೆ ಎಲ್ಲ ಇನ್ನೊಂದು ಸಲ ಜನಕ್ಕೆ ಬಿಡಿಸಿ ಹೇಳಿ ಮುಗಿಸ್ಬೇಕು. ಮುಗಿಸಿದ ಮೇಲೇ ಹೌದೋ ಅಲ್ವೋ ಅಂತ ಸದಸ್ಯರ ದನಿ ಕೇಳೋದು. ಆದ್ರೆ ಹೂಂ ಅನ್ನೋದು ಬಿಟ್ರೆ ನೀವು ತುಟಿ ಬಿಚ್ಚಂಗಿಲ್ಲ ಅಕ್ಕಾ. ಬೇಡ ಅಂತ ಕೂಗಿದ್ರೆ ಆಚೆ ಕಳಿಸ್ತಾರೆ.'

'ಮುಗಿಸಿದ ಮೇಲೇನಾ?'

'ಮುಗಿಸಿದ ಮೇಲೇನೇ.'

'ಬಾಯಿ ಬಿಡಬಾರ್ದು, ಅಷ್ಟೇ ತಾನೇ? ಬಿಡಲ್ಲ ಹೋಗು,' ಅಂದ್ಳು. ಸೊಪ್ಪಿನ ಮೊರ ಮತ್ತೆ ಮಡಿಲಿಗೆ ಎಳ್ಕೊಂಡ್ಳು.

ಮೂರನೇ ಓದಿನ ದಿನ ತೊರೆಮಡುವಿನಲ್ಲಿ ಒಂದು ಮನೇಲೂ ಒಲೆ ಹಚ್ಚಲಿಲ್ಲ. ಮುದುಕರು, ಬಸುರಿಯರು, ಕೂಸು ಎತ್ಕೊಂಡೋರು, ಎಲ್ಲ ಹೊರಟ್ರು. ಮಂಟಪದ ಬಾಗಿಲಲ್ಲಿ ನಿಂತವರು ಒಳಗೆ ಕಾಲಿಡೋಕೇ ಹೆದರಿದ್ರು. ಅಷ್ಟು ಎತ್ತರ, ಅಷ್ಟು ಬೆಳಕು. ಇದು ನಮ್ಮದಾ ಅಂತ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಗ ಒಬ್ಬ ಮುದುಕ ಒಂದು ಕಂಬದ ಹತ್ರ ಹೋಗಿ ನಿಂತ. ಕಂಬದಲ್ಲೊಂದು ಕಲ್ಲು, ಹೊಳೆ ನೀರಲ್ಲಿ ಉರುಳಿ ನುಣ್ಣಗಾಗಿರೋ ನೀಲಿ ಕಲ್ಲು. ತೊರೆಮಡು ಬಿಟ್ರೆ ಬೇರೆ ಎಲ್ಲೂ ಸಿಗಲ್ಲ ಅಂಥದ್ದು. ಅವರ ಅಜ್ಜ ಮುತ್ತಜ್ಜಂದಿರು ಹೊತ್ಕೊಂಡು ಬಂದು ಕೊಟ್ಟ ಕಲ್ಲು. ಊರಿನವರೆಲ್ಲ ಒಬ್ಬೊಬ್ಬರಾಗಿ ಅದನ್ನ ಮುಟ್ಟಿ, ಕಣ್ಣಿಗೊತ್ತಿಕೊಂಡು ಅಟ್ಟ ಹತ್ತಿದ್ರು. ಹೊಂಬಾಳಮ್ಮನ ಕೈ ಆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಹೆಚ್ಚಿಗೇ ನಿಂತಿತ್ತು.

ಸಭಾಪತಿಯಮ್ಮ ತಲೆ ಆಡಿಸಿದ್ರು. ಮರುಳಯ್ಯ ನಡುವೆ ಬಂದು ನಿಂತ.

'ಒಂದು ಹೊಳೆ ಇತ್ತು,' ಅಂದ.

ಸುಮ್ಮನೆ ನಿಂತ.

ಹೂಂ ಬರ್ಲಿಲ್ಲ.

ಸಭೆ ಕಾಯ್ತು. ಕಂಬದ ಮೇಲಿನ ಪಾರಿವಾಳ ಕತ್ತು ತಿರುಗಿಸಿದ್ದು ಕೇಳಿಸ್ತು ಅಂತಾರೆ. ಮಂತ್ರಿಗಳು ಕೆಮ್ಮಿದ್ರು. 'ಮುಂದೆ ಹೇಳಪ್ಪಾ.'

'ಒಂದು ಹೊಳೆ ಇತ್ತು,' ಅಂದ ಮರುಳಯ್ಯ. ಮತ್ತೆ ನಿಂತ. ಅಟ್ಟ ತುಂಬಾ ಜನ. ಒಂದು ಹೂಂ ಇಲ್ಲ.

'ಯಾಕೆ ನಿಲ್ತೀಯ? ಮುಂದೆ ಹೇಳು,' ಅಂದ್ರು ಮಂತ್ರಿಗಳು.

'ಒಂದು ಹೊಳೆ ಇತ್ತು,' ಅಂದ ಮೂರನೇ ಸಲ. ಅವನ ದನಿ ಆ ಮೂಲೆ ಮುಟ್ಟಿ ಈ ಮೂಲೆಗೆ ಬಂತು. ಅದರ ಹಿಂದೆ ಏನೂ ಬರ್ಲಿಲ್ಲ. ಪಿಸುಮಾತನ್ನೂ ದೊಡ್ಡದು ಮಾಡ್ತಿದ್ದ ಮಂಟಪ ಅದು. ಅವತ್ತು ಜನರ ಮೌನಾನ ದೊಡ್ಡದು ಮಾಡ್ತು. ಮೌನ ಚಾವಣಿವರೆಗೂ ತುಂಬ್ಕೊಂತು. ಸದಸ್ಯರು ಕೂತಲ್ಲೇ ಮಿಸುಕಾಡಿದ್ರು. ಅವರೂ ಎಲ್ಲ ಅಜ್ಜಿ ಮಡಿಲಲ್ಲಿ ಮಲಗಿ ಹೂಂ ಅಂದು ಬೆಳೆದೋರೇ ಅಲ್ವಾ? ಹೂಂ ಇಲ್ಲದೆ ಕಥೆ ನಿಂತೋದ್ರೆ ಎದೇಲಿ ಏನಾಗ್ತದೆ ಅಂತ ಅವರಿಗೂ ಗೊತ್ತಿತ್ತು. ಒಬ್ಬ ಸದಸ್ಯ ತಡೀಲಾರದೆ ಹೂಂ ಅನ್ನೋಕೆ ಬಾಯಿ ತೆಗೆದ, ಪಕ್ಕದವನು ಅವನ ತೊಡೆ ಚಿವುಟಿದ.

ಹೇಳ್ರಪ್ಪಾ, ಬೇಡ ಅಂತ ಯಾರಾದ್ರೂ ಕೂಗಿದ್ರಾ? ಇಲ್ಲ. ಕಟ್ಟಲೆ ಮುರಿದ್ರಾ? ಇಲ್ಲ. ತುಟಿ ಬಿಚ್ಚಿದ್ರಾ? ಅದೂ ಇಲ್ಲ. ಆದ್ರೂ ಕಥೆ ಮುಂದಕ್ಕೆ ಹೋಗ್ತಿಲ್ಲ. ಕಥೆ ಮುಗೀದೆ ಮಸೂದೆ ಮುಗಿಯಲ್ಲ.

ಶಂಭುಲಿಂಗಯ್ಯ ತಲೆ ಎತ್ತಿ ಅಟ್ಟದ ಕಡೆ ನೋಡಿದ್ರು. ಅಲ್ಲೀವರೆಗೆ ಅವರು ತೊರೆಮಡು ಅನ್ನೋದನ್ನ ನಕ್ಷೆ ಮೇಲೆ ನೋಡಿದ್ರು, ಮುಖ ನೋಡಿರ್ಲಿಲ್ಲ.

'ಎರಡು ಸಲ ಹೂಂ ಅಂದವರು ಇವತ್ತು ಯಾಕೆ ಅನ್ನುತ್ತಿಲ್ಲ ಮರುಳಯ್ಯ?' ಅಂದ್ರು.

ಮರುಳಯ್ಯ ಸಭಾಪತಿಯಮ್ಮನ ಕಡೆ ತಿರುಗಿದ. 'ಅಮ್ಮಾ, ಮಂತ್ರಿಗಳು ಕೇಳಿದ್ದಾರೆ. ಉತ್ತರ ಹೇಳ್ಬಹುದಾ?'

ಸಭಾಪತಿಯಮ್ಮನ ಮುಖದಲ್ಲಿ ಒಂದು ನಗು ಬಂದು ಹೋಯ್ತು. 'ಕೇಳಿದ್ದಾರೆ. ಹೇಳು.'

'ಸ್ವಾಮಿ, ಎರಡು ಸಲಾನೂ ಅವರು ಒಪ್ಪಿ ಹೂಂ ಅಂದಿದ್ದಲ್ಲ. ಕೇಳ್ಕೊಂಡು ಹೂಂ ಅಂದಿದ್ದು. ನಮ್ಮ ಕಡೆ ಕಥೆಗೆ ಹೂಂ ಅನ್ನದೆ ಇದ್ರೆ ಹೇಳೋರಿಗೆ ಅವಮಾನ. ನನ್ನ ಮರ್ಯಾದೆಗೆ ಅವರು ಅಂದ್ರು. ಅದನ್ನ ನಾನು ನಿಮಗೆ ತಂದು ಕೊಟ್ಟೆ. ನೀವು ಅದರ ಮೇಲೆ ಕಟ್ಟೆ ಕಟ್ಟೋಕೆ ಹೊರಟ್ರಿ.'

ಮಂತ್ರಿಗಳು ಕೂತ್ಬಿಟ್ರು. ಸಭಾಪತಿಯಮ್ಮ ಪೀಠದಿಂದ ಎದ್ದು ನಿಂತ್ರು. ಆ ಪೀಠದವರು ಎದ್ದು ನಿಂತು ಅಟ್ಟದ ಜನಾನ ಮಾತಾಡಿಸಿದ್ದು ಅದೇ ಮೊದಲಂತೆ.

'ತಾಯಿ, ಮುಂದೆ ಕೂತಿದ್ದೀಯಲ್ಲ, ನಿನ್ನನ್ನೇ ಕೇಳ್ತಿದ್ದೀನಿ. ಹೂಂ ಅಂದರೆ ಒಪ್ಪಿದ ಹಾಗಲ್ಲ ಅಂತಾದರೆ, ನಿಮ್ಮೂರಲ್ಲಿ ಒಪ್ಪಿದ್ದು ಗೊತ್ತಾಗೋದು ಹೇಗೆ?'

ಹೊಂಬಾಳಮ್ಮ ಸೆರಗು ಸರಿ ಮಾಡ್ಕೊಂಡು ಎದ್ದಳು.

'ಅಮ್ಮಾರೆ, ಹೆಣ್ಣು ನೋಡೋಕೆ ಬರ್ತಾರೆ. ಗಂಡಿಗೆ ಅಷ್ಟು ಹೊಲ, ಇಷ್ಟು ಮನೆ ಅಂತಾರೆ. ಹುಡುಗಿ ಕಡೆಯೋರು ಹೂಂ ಹೂಂ ಅಂತಾರೆ. ಅಷ್ಟಕ್ಕೇ ಮದುವೆ ಆಗೋಯ್ತಾ? ಎಲೆ ಅಡಿಕೆ ತಟ್ಟೆ ಮುಂದಿಡ್ತಾರೆ. ಒಪ್ಪಿದ್ರೆ ತಗೋತೀವಿ. ಒಪ್ಪದಿದ್ರೆ ತಟ್ಟೆ ಇಟ್ಟಲ್ಲೇ ಇರ್ತದೆ. ನಮ್ಮ ಮುಂದೆ ಯಾರೂ ತಟ್ಟೆ ಇಡ್ಲಿಲ್ಲ.'

ಇಷ್ಟು ಹೇಳಿ ಕೂತ್ಕೊಂಡ್ಳು. ಮೇಜು ಕುಟ್ಟೋರು ಅವತ್ತು ಮೇಜು ಕುಟ್ಟಲಿಲ್ಲ. ಶಂಭುಲಿಂಗಯ್ಯ ಎದ್ದು, ಮಸೂದೆ ವಾಪಸ್ ತಗೋತೀನಿ ಅಂದ್ರು. ಅಷ್ಟು ದೊಡ್ಡ ಮನುಷ್ಯ, ಅಷ್ಟು ಜನರ ಮುಂದೆ. ಅದಕ್ಕೂ ಎದೆ ಬೇಕು ಕಣ್ರಪ್ಪಾ. ನನಗೆ ಆ ಮಂತ್ರಿ ಮೇಲೂ ಗೌರವ.

ಹೂಂ ಅನ್ನಿ, ಇನ್ನೊಂಚೂರಿದೆ.

ಸ್ವಲ್ಪ ದಿನಕ್ಕೆ ಮಂತ್ರಿಗಳೇ ತೊರೆಮಡುವಿಗೆ ಬಂದ್ರು. ಕೈಯಲ್ಲಿ ಹಿತ್ತಾಳೆ ತಟ್ಟೆ, ತಟ್ಟೇಲಿ ಚಿಗುರೆಲೆ, ಅಡಿಕೆ. ಹೊಂಬಾಳಮ್ಮನ ಜಗಲಿ ಮೇಲೆ ಕೂತ್ರು, ಒರಳಿನ ಪಕ್ಕದಲ್ಲೇ. ಕೆಳಗಿನ ಸೀಮೆಯಿಂದ ಒಂದು ತಂಬಿಗೆ ನೀರು ತಂದಿದ್ರು, ಅದನ್ನ ಅವಳ ಕೈಗೆ ಕೊಟ್ರು. ಅವಳು ಒಂದು ಗುಟುಕು ಕುಡಿದ್ಳು. ಮುಖ ಕಿವುಚಿದ್ಳು.

'ಇದನ್ನ ಮಕ್ಕಳು ಕುಡೀತಾವಾ?'

'ಕುಡೀತಾವೆ ತಾಯಿ. ಬೇರೆ ಇಲ್ಲ.'

'ಇದನ್ನ ಮೊದಲೇ ಬಂದು ಹೇಳ್ಬಾರ್ದಾಗಿತ್ತಾ?' ಅಂದ್ಳು. ಊರಿನವರನ್ನೆಲ್ಲ ಕೂಗಿದ್ಳು. ಆ ತಂಬಿಗೆ ಊರೆಲ್ಲ ಸುತ್ತಿ ಬಂತು. ಮಾತಾಯ್ತು, ಜಗಳ ಆಯ್ತು, ಮತ್ತೆ ಮಾತಾಯ್ತು. ಮಂತ್ರಿಗಳು ತಟ್ಟೆ ಮುಂದಿಟ್ಟುಕೊಂಡು ಕೂತೇ ಇದ್ರು, ಎಲೆ ಬಾಡದ ಹಾಗೆ ಮರುಳಯ್ಯ ನೀರು ಚಿಮುಕಿಸ್ತಾ ಇದ್ದ.

ಕೊನೆಗೆ ಹೊಂಬಾಳಮ್ಮ ಅಂದ್ಳು, 'ಸ್ವಾಮಿ, ಹೊಳೆಗೆ ಸುಸ್ತಾಗಿದ್ರೆ ಕೂತ್ಕೊಳ್ಳಲಿ, ಬೇಡ ಅನ್ನಲ್ಲ. ಕೆಳಗಿನ ಗದ್ದೆ ಬಿಟ್ಟುಕೊಡ್ತೀವಿ. ಆದ್ರೆ ಕೈಕಾಲು ಚಾಚಿ ಮಲಗೋದು ಬೇಡ. ಕಟ್ಟೆ ತಗ್ಗಿಸಿ. ನೀರು ನನ್ನ ಹಿತ್ತಲ ನುಗ್ಗೆ ಮರದ ಆಚೆಗೇ ನಿಲ್ಲಬೇಕು.'

ಮಂತ್ರಿಗಳು ತಮ್ಮ ಜೊತೆ ಬಂದಿದ್ದ ಕಟ್ಟೆ ಕಟ್ಟೋರ ಮುಖ ನೋಡಿದ್ರು. ಅವರು ತಗ್ಗಿನೊಳಗೆಲ್ಲ ಓಡಾಡಿ, ಅಳೆದು, ಆಗ್ತದೆ ಅಂದ್ರು. 'ಆಗಲಿ ತಾಯಿ,' ಅಂದ್ರು ಮಂತ್ರಿಗಳು.

ಆಗ ಹೊಂಬಾಳಮ್ಮ ತಟ್ಟೆಗೆ ಕೈ ಹಾಕಿದ್ಳು. ಒಂದು ಎಲೆ ತಗೊಂಡ್ಳು. ತೊಟ್ಟು ಮುರಿದ್ಳು, ಸೀರೆಗೆ ಒರೆಸಿದ್ಳು, ಸುಣ್ಣ ಹಚ್ಚಿ ಬಾಯಿಗೆ ಹಾಕ್ಕೊಂಡ್ಳು. ಅವಳ ಹಿಂದೆ ಊರಿಗೆ ಊರೇ ಕೈ ಚಾಚ್ತು. ಶಂಭುಲಿಂಗಯ್ಯ ಕಣ್ಣು ಒರೆಸ್ಕೊಂಡ್ರಂತೆ. ಅವತ್ತಿಂದ ಆ ನಾಡಲ್ಲಿ ಸಾರುವವನ ಹೆಗಲಿಗೆ ತಮಟೆ ಇದ್ರೆ ಕೈಗೆ ತಟ್ಟೆ. ಜನ ಹೂಂ ಅಂದ್ರೆ ಕೇಳಿದ್ರು ಅಂತ. ಎಲೆ ತಗೊಂಡ್ರೆ ಒಪ್ಪಿದ್ರು ಅಂತ. ಅದಕ್ಕೊಂದು ಹೊಸ ಕಂಬ ಬೇಕಾಗ್ಲಿಲ್ಲ, ಹೊಸ ಚಾವಣಿ ಬೇಕಾಗ್ಲಿಲ್ಲ. ಒಂದು ಎಲೆ ಸಾಕಾಯ್ತು.

ಮುಗೀತು. ಈಗ ನೀವು ಹೇಳಿ. ಶುರುವಿಂದ ಇಲ್ಲೀಗಂಟ ನನ್ನ ಕಥೆಗೆ ಹೂಂ ಹೂಂ ಅಂದ್ರಲ್ಲ, ಕೇಳಿದ್ರೋ, ಒಪ್ಪಿದ್ರೋ?

ಏನಂದೆ ಜವರಮ್ಮ? ಜೋರಾಗಿ ಹೇಳವ್ವಾ, ನನಗೆ ಕಿವಿ ಮಂದ.

'ಕೇಳಿದ್ವಿ ಕಣಜ್ಜಿ. ಒಪ್ಪೋದೋ ಬಿಡೋದೋ, ಮನೇಗೆ ಹೋಗಿ ಯೋಚ್ನೆ ಮಾಡಿ ಹೇಳ್ತೀವಿ.'

ಭಲೇ ನನ್ನ ಮಗಳೇ. ನಾಳೆ ಸಾಹೇಬ್ರಿಗೂ ಇದನ್ನೇ ಹೇಳು, ಮರ್ಯಾದೆಯಿಂದ ಹೇಳು. ಅಗೋ ಡೈರಿ ಬಾಗಿಲು ತೆಗೆದ್ರು. ಅವರ ಸಭೆ ಅಲ್ಲಿಗೆ ಎದ್ದಿತು, ನಮ್ಮ ಸಭೆ ಇಲ್ಲಿಗೆ ಎದ್ದಿತು. ಕ್ಯಾನು ಎತ್ಕೊಳ್ಳಿ.